ಬ್ರೇಕ್ ಇಲ್ಲದ ಸೈಕಲ್

ಕೇಳುಗರೆಲ್ಲರಿಗೂ ನಮಸ್ಕಾರ.

2016ರ ಆಗಸ್ಟ್ ತಿಂಗಳು. ರಿಯೊ ಒಲಿಂಪಿಕ್ಸ್. ಮಹಿಳೆಯರ ಸೈಕಲ್ ಸ್ಪ್ರಿಂಟ್ ಫೈನಲ್. ಟ್ರ್ಯಾಕಿನ ಮೇಲೆ ಇಬ್ಬರೇ ಇಬ್ಬರು. ಒಬ್ಬರು ಬ್ರಿಟನ್ನಿನ ಬೆಕಿ ಜೇಮ್ಸ್, ಇನ್ನೊಬ್ಬರು ಜರ್ಮನಿಯ ಕ್ರಿಸ್ಟೀನಾ ಫೋಗಲ್. ಗೆರೆ ಹತ್ತಿರ ಬಂತು. ಫೋಗಲ್ ಮೈಯನ್ನೆಲ್ಲ ಹಿಂದಕ್ಕೆ ಸರಿಸಿ, ಕೈಯಿಂದ ಸೈಕಲ್ಲನ್ನು ಮುಂದಕ್ಕೆ ನೂಕಿದರು. ಮುಂದಿನ ಚಕ್ರ ಮೊದಲು ಗೆರೆ ಮುಟ್ಟಲಿ ಅಂತ ಸ್ಪ್ರಿಂಟ್ ಸವಾರರು ಹೀಗೆ ಮಾಡುತ್ತಾರೆ. ಚಕ್ರ ಗೆರೆ ಮುಟ್ಟಿತು. ಅದೇ ಹೊತ್ತಿಗೆ ಸೈಕಲ್ಲಿನ ಸೀಟು ಕಿತ್ತುಕೊಂಡು ಕೆಳಗೆ ಬಿತ್ತು.

ಗಂಟೆಗೆ 60 ಕಿಲೋಮೀಟರ್ ಮೀರಿದ ವೇಗ ಅದು. ಕೂರಲು ಸೀಟಿಲ್ಲ. ಹಿಡಿಯಲು ಬ್ರೇಕೂ ಇಲ್ಲ. ಆದರೂ ಅವರು ಬೀಳಲಿಲ್ಲ. ಪೆಡಲ್ ಮೇಲೆ ನಿಂತುಕೊಂಡೇ ಸೈಕಲ್ಲನ್ನು ಸಂಭಾಳಿಸಿದರು. ಚಿನ್ನದ ಪದಕ ಅವರದಾಯಿತು.

ಆ ಓಟವನ್ನು ನಾನು ಆಮೇಲೆ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಈವತ್ತು ಈ ಕ್ರಿಸ್ಟೀನಾ ಫೋಗಲ್ ಬಗ್ಗೆ ನಿಮ್ಮ ಜೊತೆ ಸ್ವಲ್ಪ ಮಾತಾಡಬೇಕು ಅಂತ ಬಂದಿದ್ದೇನೆ. ಫೋಗಲ್ ಅಂದರೆ ಜರ್ಮನ್ ಭಾಷೆಯಲ್ಲಿ ಹಕ್ಕಿ.

ಬ್ರೇಕ್ ಇಲ್ಲ ಅಂದೆ. ಅದೇನು ಅಂತ ಮೊದಲು ಹೇಳಿಬಿಡುತ್ತೇನೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ಕೇಳುತ್ತಿರುವವರಿಗೆ ಇದನ್ನು ಹೇಳಬೇಕಾಗಿಲ್ಲ. ನಮ್ಮ ನಾಡಿನ ಸೈಕಲ್ ಸವಾರರು ಜಾಸ್ತಿ ಬರುವುದೇ ಆ ಕಡೆಯಿಂದ. ಉಳಿದವರಿಗಾಗಿ ಹೇಳುತ್ತೇನೆ. ನಾವು ಓಡಿಸುವ ಸೈಕಲ್ಲಿಗೆ ಫ್ರೀವೀಲ್ ಇರುತ್ತದೆ. ಇಳಿಜಾರಿನಲ್ಲಿ ಕಾಲು ಆಡಿಸದೆ ಸುಮ್ನೆ ಕೂತರೂ ಸೈಕಲ್ ಟಿಕ್ ಟಿಕ್ ಅನ್ನುತ್ತಾ ತಾನೇ ಹೋಗುತ್ತದೆ, ಅಲ್ವಾ? ಟ್ರ್ಯಾಕ್ ಸೈಕಲ್ಲಿಗೆ ಅದಿಲ್ಲ. ಇರುವುದು ಒಂದೇ ಗೇರು. ಹಿಂದಿನ ಚಕ್ರ ತಿರುಗುವವರೆಗೆ ಪೆಡಲ್ ಕೂಡ ತಿರುಗುತ್ತಲೇ ಇರುತ್ತದೆ. ಕಾಲು ನಿಲ್ಲಿಸುತ್ತೇನೆ ಅಂದರೆ ಆಗುವುದಿಲ್ಲ. ನಿಧಾನ ಮಾಡಬೇಕಾದರೆ ತಿರುಗುವ ಪೆಡಲನ್ನು ಕಾಲಿನಿಂದಲೇ ತಡೆದು ತಡೆದು ವೇಗ ಇಳಿಸಬೇಕು. ಒಲಿಂಪಿಕ್ಸ್ ಟ್ರ್ಯಾಕಿನ ಒಂದು ಸುತ್ತು 250 ಮೀಟರ್. ನೆಲ ಮರದ್ದು. ತಿರುವುಗಳಲ್ಲಿ ಅದು ನಮ್ಮ ಕಡೆಯ ಹೆಂಚಿನ ಮಾಡಿಗಿಂತಲೂ ಕಡಿದಾಗಿ ಏರುತ್ತದೆ. ಅಲ್ಲಿ ನಿಧಾನ ಮಾಡಿದರೆ ಚಕ್ರ ಜಾರುತ್ತದೆ. ವೇಗವೇ ಸವಾರನನ್ನು ಹಿಡಿದು ನಿಲ್ಲಿಸುವುದು.

ಆದರೆ ಸ್ಪ್ರಿಂಟ್ ಓಟದ ಮಜಾ ಇರುವುದು ವೇಗದಲ್ಲಲ್ಲ, ನಿಧಾನದಲ್ಲಿ. ಮೊದಲ ಸಲ ನೋಡಿದವರಿಗೆ ಇದು ಅರ್ಥವೇ ಆಗುವುದಿಲ್ಲ. ನನಗೂ ಆಗಿರಲಿಲ್ಲ. ಓಟ ಶುರುವಾಗುತ್ತದೆ. ಇಬ್ಬರೂ ಸಂತೆಗೆ ಹೊರಟವರ ಹಾಗೆ ಮೆಲ್ಲಗೆ ಹೋಗುತ್ತಾರೆ. ಮುಂದಿರುವವರು ಹಿಂದೆ ತಿರುಗಿ ತಿರುಗಿ ನೋಡುತ್ತಾರೆ. ಕೆಲವು ಸಲ ಇಬ್ಬರೂ ಸೈಕಲ್ ಮೇಲೆ ಕೂತಲ್ಲೇ, ಕಾಲು ನೆಲಕ್ಕೆ ಊರದೆ, ನಿಂತೇಬಿಡುತ್ತಾರೆ. ಯಾಕೆ ಅಂದರೆ ಮುಂದಿರುವವರು ಗಾಳಿಯನ್ನು ಸೀಳಬೇಕು. ಹಿಂದಿರುವವರು ಆ ಮರೆಯಲ್ಲಿ ಶಕ್ತಿ ಉಳಿಸಿಕೊಂಡು, ಕೊನೆಯಲ್ಲಿ ಹೊರಬಂದು ದಾಟಿಬಿಡಬಹುದು. ಹಾಗಾಗಿ ನೀನು ಮೊದಲು ಹೋಗು, ನೀನು ಮೊದಲು ಹೋಗು ಅಂತ ಇಬ್ಬರೂ ಕಾಯುತ್ತಾರೆ. ಒಬ್ಬರು ಒಂದು ಕ್ಷಣ ಆ ಕಡೆ ನೋಡಿದರೋ, ಇನ್ನೊಬ್ಬರು ಏರಿನಿಂದ ಕೆಳಗೆ ಧುಮುಕುತ್ತಾರೆ. ಆಮೇಲಿನದ್ದು ಹನ್ನೊಂದು ಹನ್ನೆರಡು ಸೆಕೆಂಡಿನ ಕೆಲಸ. ಕಾಯುವುದು ಬರಬೇಕು. ಕಾಯುವುದು ಸಾಕು ಅಂತ ತಕ್ಷಣ ತೀರ್ಮಾನ ಮಾಡುವುದೂ ಬರಬೇಕು. ಫೋಗಲ್ ಈ ವಿದ್ಯೆಯಲ್ಲಿ ಪಳಗಿದವರು.

ಅವರು ಹುಟ್ಟಿದ್ದು 1990ರ ನವೆಂಬರಿನಲ್ಲಿ, ಕಿರ್ಗಿಸ್ತಾನದ ಒಂದು ಊರಿನಲ್ಲಿ. ಆಗ ಅದು ಸೋವಿಯತ್ ಒಕ್ಕೂಟದ ಭಾಗ. ಆರು ತಿಂಗಳ ಕೂಸಾಗಿದ್ದಾಗ ಮನೆಯವರ ಜೊತೆ ಜರ್ಮನಿಗೆ ಬಂದರು. ಬೆಳೆದದ್ದು ಟ್ಯೂರಿಂಗನ್ ರಾಜ್ಯದಲ್ಲಿ. ಸೈಕಲ್ ಕಲಿತು ಬೆಳಗಿದ್ದು ಅಲ್ಲಿನ ಎರ್ಫರ್ಟ್ ನಗರದಲ್ಲಿ. 2007 ಮತ್ತು 2008, ಈ ಎರಡು ವರ್ಷಗಳಲ್ಲಿ ಜೂನಿಯರ್ ಮಟ್ಟದ ಆರು ವಿಶ್ವ ಪ್ರಶಸ್ತಿಗಳನ್ನು ಬಾಚಿಕೊಂಡರು. ಹೊಟ್ಟೆಪಾಡಿಗೆ ಜರ್ಮನಿಯ ಫೆಡರಲ್ ಪೊಲೀಸ್ ಇಲಾಖೆ ಸೇರಿದರು. ಅಲ್ಲಿ ಆಟಗಾರರಿಗೆ ಕೆಲಸ ಕೊಟ್ಟು, ಆಟಕ್ಕೂ ಬಿಡುವು ಕೊಡುತ್ತಾರೆ. ನಮ್ಮಲ್ಲಿ ರೈಲ್ವೆ ಇಲಾಖೆ ಆಟಗಾರರನ್ನು ಸಾಕಿದ ಹಾಗೆ.

2009ರ ಮೇ ತಿಂಗಳು. ಅವರಿಗೆ ಆಗ ಹದಿನೆಂಟು ವರ್ಷ. ರಸ್ತೆಯಲ್ಲಿ ಸೈಕಲ್ ಅಭ್ಯಾಸ ಮಾಡುತ್ತಿದ್ದಾಗ ಒಂದು ವ್ಯಾನ್ ದಾರಿ ಬಿಡದೆ ಅಡ್ಡ ಬಂತು. ದವಡೆ ಮುರಿಯಿತು. ಕೈ ಮುರಿಯಿತು. ಬೆನ್ನಿನ ಒಂದು ಮೂಳೆಯೂ ಮುರಿಯಿತು. ಹಲ್ಲುಗಳು ಹೋದವು. ಎರಡು ದಿನ ವೈದ್ಯರು ಅವರನ್ನು ಎಚ್ಚರ ಬಾರದ ಹಾಗೆ ಮಲಗಿಸಿಟ್ಟಿದ್ದರು. ಇಷ್ಟಾದ ಮೇಲೆ ಸೈಕಲ್ ಸಹವಾಸವೇ ಬೇಡ ಅಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಮತ್ತೆ ಸೈಕಲ್ ಹತ್ತಿದರು.

ಮೂರು ವರ್ಷ ಕಳೆಯಿತು. 2012ರ ಏಪ್ರಿಲ್. ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಗೆಳತಿ ಮಿರಿಯಮ್ ವೆಲ್ಟೆ ಜೊತೆ ಸೇರಿ ಟೀಮ್ ಸ್ಪ್ರಿಂಟ್ ಗೆದ್ದರು, ವಿಶ್ವದಾಖಲೆಯ ಜೊತೆಗೆ. ಆಗ ಮಹಿಳೆಯರ ಟೀಮ್ ಸ್ಪ್ರಿಂಟಿನಲ್ಲಿ ಇಬ್ಬರೇ ಇರುತ್ತಿದ್ದರು, ಎರಡೇ ಸುತ್ತು. ಮೊದಲ ಸುತ್ತಿಗೆ ಒಬ್ಬರು ಮುಂದೆ. ಸುತ್ತು ಮುಗಿದ ಕೂಡಲೇ ಅವರು ಮೇಲಕ್ಕೆ ಸರಿದು ದಾರಿ ಬಿಡಬೇಕು, ಎರಡನೆಯವರು ಕೊನೆ ಮುಟ್ಟಿಸಬೇಕು. ದಾರಿ ಬಿಡುವ ಜಾಗ ನಿಯಮದಲ್ಲಿ ಗುರುತಾಗಿದೆ. ಒಂದು ಗೇಣು ಮುಂಚೆ ಬಿಟ್ಟರೂ ತಪ್ಪು.

ಆ ಗೇಣೇ ಲಂಡನ್ ಒಲಿಂಪಿಕ್ಸ್ ಕಥೆಯನ್ನು ತಿರುಗಿಸಿತು. ಅದೇ ವರ್ಷದ ಆಗಸ್ಟ್ 2. ಜರ್ಮನಿ ಜೋಡಿ ಕಂಚಿನ ಓಟಕ್ಕೆ ಹೋಗಬೇಕಿತ್ತು. ಅಷ್ಟರಲ್ಲಿ ಬ್ರಿಟನ್ನಿನ ವಿಕ್ಟೋರಿಯಾ ಪೆಂಡಲ್ಟನ್ ಮತ್ತು ಜೆಸ್ ವಾರ್ನಿಶ್ ಬೇಗ ಜಾಗ ಬದಲಿಸಿದರು ಅಂತ ತೀರ್ಪುಗಾರರು ಅವರನ್ನು ಕೆಳಗಿಳಿಸಿದರು. ತವರಿನ ಜನ ತುಂಬಿದ ಕ್ರೀಡಾಂಗಣ ಅದು. ಅಲ್ಲಿನ ನಿರಾಸೆ ಹೇಗಿದ್ದಿರಬೇಕು, ಊಹಿಸಿ. ಜರ್ಮನಿ ಫೈನಲ್ಲಿಗೆ ಬಂತು. ಫೈನಲ್ಲಿನಲ್ಲಿ ಚೀನಾ ಮೊದಲು ಗೆರೆ ದಾಟಿತು. ಚೀನಾದವರು ಗೆದ್ದೆವು ಅಂತ ಕುಣಿದರು. ಮತ್ತೆ ತೀರ್ಪು ಬಂತು. ಚೀನಾದವರೂ ಬೇಗ ಬದಲಿಸಿದ್ದರು. ಬೆಳ್ಳಿಗಾಗಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದ ಫೋಗಲ್ ಮತ್ತು ವೆಲ್ಟೆ ಕೊರಳಿಗೆ ಚಿನ್ನ ಬಂತು. ಅದೃಷ್ಟ ಅಂತ ಹಲವರು ಅಂದರು. ನಾನು ಹಾಗೆ ಹೇಳುವುದಿಲ್ಲ. ಅಷ್ಟು ವೇಗದಲ್ಲೂ ಎರಡೂ ಸಲ ಸರಿಯಾದ ಜಾಗದಲ್ಲೇ ದಾರಿ ಬಿಟ್ಟದ್ದು ಅವರ ಕಲಿಕೆ, ಅವರ ಶಿಸ್ತು.

ಆಮೇಲಿನ ಆರು ವರ್ಷ ಗೆಲುವಿನ ಸುಗ್ಗಿ. ಎಲ್ಲವನ್ನೂ ಹೇಳುತ್ತಾ ಕೂತರೆ ಪಟ್ಟಿ ಓದಿದ ಹಾಗಾಗುತ್ತದೆ. ಒಟ್ಟು ಹನ್ನೊಂದು ವಿಶ್ವ ಪ್ರಶಸ್ತಿಗಳು. ಸ್ಪ್ರಿಂಟಿನಲ್ಲಿ ನಾಲ್ಕು, ಟೀಮ್ ಸ್ಪ್ರಿಂಟಿನಲ್ಲಿ ನಾಲ್ಕು, ಕೈರಿನ್ ಎಂಬ ಓಟದಲ್ಲಿ ಮೂರು. ಕೈರಿನ್ ಜಪಾನಿನಿಂದ ಬಂದದ್ದು. ಮುಂದೆ ಒಂದು ಮೋಟಾರು ಸೈಕಲ್ ಹೋಗುತ್ತದೆ, ಅದರ ಹಿಂದೆ ಸವಾರರ ಸಾಲು. ಅದು ಪಕ್ಕಕ್ಕೆ ಸರಿದ ಕೂಡಲೇ ಎಲ್ಲರೂ ನುಗ್ಗುತ್ತಾರೆ. ಹನ್ನೊಂದು ಪ್ರಶಸ್ತಿ ಅಂದರೆ ಆಸ್ಟ್ರೇಲಿಯಾದ ದೊಡ್ಡ ಹೆಸರು ಆನಾ ಮೀರ್ಸ್ ಅವರಿಗೆ ಸರಿಸಮ. ಕೊನೆಯ ಎರಡು ಬಂದದ್ದು 2018ರಲ್ಲಿ, ನೆದರ್ಲೆಂಡ್ಸಿನ ಅಪೆಲ್ಡೋರ್ನಿನಲ್ಲಿ. ಅವರಿಗೆ ಆಗ ಇಪ್ಪತ್ತೇಳು ವರ್ಷ. ಇನ್ನೊಂದು ಗೆದ್ದರೆ ಮೀರ್ಸ್ ಅವರನ್ನೂ ದಾಟುತ್ತಿದ್ದರು.

ಮುಂದಿನದನ್ನು ಹೇಳಲು ನನಗೆ ಕಷ್ಟವಾಗುತ್ತದೆ.

2018ರ ಜೂನ್ 26. ಜರ್ಮನಿಯ ಕಾಟ್‌ಬುಸ್ ನಗರದ ಕಾಂಕ್ರೀಟ್ ಟ್ರ್ಯಾಕ್. ಸ್ಪರ್ಧೆಯಲ್ಲ, ಬರೀ ಅಭ್ಯಾಸ. ಅಭ್ಯಾಸದ ಹೊತ್ತಿಗೆ ಹಲವರು ಒಂದೇ ಟ್ರ್ಯಾಕಿನಲ್ಲಿರುತ್ತಾರೆ. ಒಬ್ಬ ಎಳೆಯ ಸವಾರ ನಿಂತ ಜಾಗದಿಂದ ಓಟ ಶುರು ಮಾಡುವ ಅಭ್ಯಾಸದಲ್ಲಿದ್ದ. ಹಿಂದಿನಿಂದ ಫೋಗಲ್ ಪೂರಾ ವೇಗದಲ್ಲಿ ಬರುತ್ತಿದ್ದರು. ಆ ವೇಗದಲ್ಲಿ ತಲೆ ತಗ್ಗಿರುತ್ತದೆ. ಬ್ರೇಕ್ ಇರುವುದಿಲ್ಲ. ಡಿಕ್ಕಿಯಾಯಿತು.

ಕಾಂಕ್ರೀಟಿನ ಮೇಲೆ ಬಿದ್ದ ಅವರ ಬೆನ್ನುಹುರಿ ಎದೆಯ ಮಟ್ಟದಲ್ಲಿ ತುಂಡಾಯಿತು. ಬಿದ್ದಲ್ಲಿಂದ ಅವರು ನೆನಪಿಟ್ಟುಕೊಂಡ ಒಂದು ವಿಷಯವನ್ನು ಆಮೇಲೆ ಹೇಳಿದ್ದಾರೆ. ಯಾರೋ ಅವರ ಶೂ ಬಿಚ್ಚಿ ತೆಗೆದುಕೊಂಡು ಹೋಗುತ್ತಿದ್ದರಂತೆ. ಶೂ ಹೋಗುವುದು ಕಣ್ಣಿಗೆ ಕಾಣುತ್ತಿತ್ತು. ಬಿಚ್ಚಿದ್ದು ಮಾತ್ರ ಕಾಲಿಗೆ ಗೊತ್ತೇ ಆಗಿರಲಿಲ್ಲ. ಇನ್ನು ತಾನು ನಡೆಯುವುದಿಲ್ಲ ಅಂತ ಅವರಿಗೆ ಅಲ್ಲೇ ಅರ್ಥವಾಯಿತು. ವೈದ್ಯರು ಹೇಳುವ ಮೊದಲೇ. ಆ ಕಾಂಕ್ರೀಟಿನ ಮೇಲೆ ಮಲಗಿಕೊಂಡೇ.

ಬರ್ಲಿನ್ನಿನ ಆಸ್ಪತ್ರೆ. ಒಂದರ ಮೇಲೊಂದು ಆಪರೇಷನ್. ಜೊತೆಯ ಸವಾರರು ಅವರಿಗಾಗಿ ಹಣ ಕೂಡಿಸಿದರು, ದೇಶ ದೇಶಗಳಿಂದ ನೆರವು ಬಂತು. ಎರಡು ತಿಂಗಳ ಮೇಲೆ, ಸೆಪ್ಟೆಂಬರಿನಲ್ಲಿ, ಅವರು ಗಾಲಿಕುರ್ಚಿಯಲ್ಲಿ ಪತ್ರಕರ್ತರ ಮುಂದೆ ಬಂದರು. ಸುತ್ತಿಬಳಸಿ ಮಾತಾಡಲಿಲ್ಲ. ನಾನು ಇನ್ನು ನಡೆಯಲಾರೆ, ಇದು ತುಂಬಾ ಕೆಟ್ಟದ್ದು, ಇದಕ್ಕೆ ಚೆಂದದ ಮಾತು ಬೇರೆ ಇಲ್ಲ, ಅನ್ನುವುದನ್ನು ನೇರವಾಗಿ ಹೇಳಿದರು. ಅವರು ಆಗ ಬಳಸಿದ ಪದ ಇನ್ನೂ ಒರಟು, ಬಾನುಲಿಯಲ್ಲಿ ಹೇಳುವಂಥದ್ದಲ್ಲ. ಹೊಸ ಸ್ಥಿತಿಯನ್ನು ಎಷ್ಟು ಬೇಗ ಒಪ್ಪಿಕೊಳ್ಳುತ್ತೇವೋ ಅಷ್ಟು ಬೇಗ ಅದರ ಜೊತೆ ಬಾಳಲು ಕಲಿಯುತ್ತೇವೆ ಅನ್ನುವುದು ಅವರ ಮಾತಿನ ಇನ್ನೊಂದು ಭಾಗ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ನಮ್ಮ ಮನೆಗಳಲ್ಲೂ ಇಂಥದ್ದೇನಾದರೂ ಆದರೆ ಹಿರಿಯರು ಒಂದು ಮಾತು ಹೇಳುತ್ತಾರೆ. ಹಣೆಬರಹ, ಏನು ಮಾಡೋಕಾಗುತ್ತೆ, ಅಂತ. ಸಮಾಧಾನಕ್ಕೆ ಹೇಳುವುದು. ಫೋಗಲ್ ಮಾತು ಮೊದಲು ಕೇಳಿದಾಗ ಇದೂ ಅದೇ ಅಲ್ವಾ ಅಂತ ನನಗೆ ಅನ್ನಿಸಿತ್ತು. ಆಮೇಲೆ ಯೋಚನೆ ಮಾಡಿದಾಗ ಅಲ್ಲ ಅಂತ ಗೊತ್ತಾಯಿತು. ಹಣೆಬರಹ ಅಂದಾಗ ನಾವು ಕಣ್ಣು ಮುಚ್ಚಿಕೊಳ್ಳುತ್ತೇವೆ. ಅವರು ಕಣ್ಣು ಬಿಟ್ಟು ನೋಡಿದರು. ಕಾಲು ಹೋಗಿದೆ, ಸರಿ. ಕೈ ಇದೆ. ನಾಳೆ ಬೆಳಿಗ್ಗೆ ಹಾಸಿಗೆಯಲ್ಲಿ ಬೀಳದೆ ಕೂರುವುದು ಹೇಗೆ? ಎದೆಯಿಂದ ಕೆಳಗೆ ಮೈ ಮಾತು ಕೇಳದಿದ್ದಾಗ ಸುಮ್ನೆ ಕೂರುವುದೂ ಒಂದು ವಿದ್ಯೆ. ಸೊಂಟ ಹಿಡಿತಕ್ಕೆ ಸಿಗುವುದಿಲ್ಲ. ಮಗು ಕೂರಲು ಕಲಿತ ಹಾಗೆ ಕಲಿಯಬೇಕು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಾರಿಗೆ ಕೈಬಲದ ಮೇಲೆ ಮೈಯನ್ನು ಸಾಗಿಸಬೇಕು. ಅವರು ಇದನ್ನೆಲ್ಲ ಹಳೆಯ ಅಭ್ಯಾಸದ ಹಟದಲ್ಲೇ ಕಲಿತರು. ಕ್ರಿಸ್‌ಮಸ್ ಹೊತ್ತಿಗೆ ಮನೆ ಸೇರಬೇಕು ಅಂತ ಗುರಿ ಇಟ್ಟುಕೊಂಡರು.

ಅವರ ಬಗ್ಗೆ ಬರೆಯುವವರು ಗಾಲಿಕುರ್ಚಿಯನ್ನು ಗೆದ್ದವರು ಅಂತ ಬರೆಯುತ್ತಾರೆ. ಅದು ನನಗೆ ಒಪ್ಪಿಗೆಯಾಗುವುದಿಲ್ಲ. ಇದು ಕೆಟ್ಟದ್ದು ಅಂತ ಅವರೇ ಬಾಯಿಬಿಟ್ಟು ಹೇಳಿದ್ದಾರೆ. ಅದನ್ನು ನಾವು ಅಷ್ಟೇ ನೇರವಾಗಿ ಕೇಳಿಸಿಕೊಳ್ಳಬೇಕು. ಸಿಹಿ ಬೆರೆಸಬಾರದು.

2019ರಲ್ಲಿ ಎರ್ಫರ್ಟ್ ನಗರಸಭೆಯ ಚುನಾವಣೆಗೆ ನಿಂತರು, ಗೆದ್ದು ಸದಸ್ಯರಾದರು. ಟೋಕಿಯೊ ಒಲಿಂಪಿಕ್ಸ್ ಹೊತ್ತಿಗೆ ಜರ್ಮನಿಯ ಟಿವಿಯಲ್ಲಿ ಸೈಕಲ್ ಓಟಗಳನ್ನು ಬಿಡಿಸಿ ಹೇಳುವ ಪರಿಣತರಾಗಿ ಕೂತರು. 2021ರಲ್ಲಿ ಟ್ರ್ಯಾಕ್ ಸೈಕ್ಲಿಂಗ್ ಚಾಂಪಿಯನ್ಸ್ ಲೀಗ್ ಶುರುವಾದಾಗ ಅದರ ರಾಯಭಾರಿಗಳು ಇಬ್ಬರು. ಸ್ಕಾಟ್ಲೆಂಡಿನ ಕ್ರಿಸ್ ಹಾಯ್ ಮತ್ತು ಕ್ರಿಸ್ಟೀನಾ ಫೋಗಲ್.

ಇನ್ನೊಂದು ಮಾತು ಉಳಿದಿದೆ. 2018ರಲ್ಲಿ ಅಪೆಲ್ಡೋರ್ನಿನಲ್ಲಿ ಫೋಗಲ್ ಜೊತೆ ಟೀಮ್ ಸ್ಪ್ರಿಂಟ್ ಗೆದ್ದ ತಂಡದಲ್ಲಿ ಪೌಲೀನ್ ಗ್ರಾಬೋಶ್ ಅಂತ ಒಬ್ಬ ಹುಡುಗಿ ಇದ್ದಳು. ಒಂದು ಓಟಕ್ಕೆ ಇಳಿಯುವುದು ಇಬ್ಬರೇ ಆದರೂ, ಬೇರೆ ಬೇರೆ ಹಂತದ ಓಟಗಳಿಗೆ ಜೋಡಿ ಬದಲಿಸಬಹುದಿತ್ತು, ಹಾಗಾಗಿ ತಂಡದಲ್ಲಿ ಮೂವರು. 2020ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಬರ್ಲಿನ್ನಿನಲ್ಲೇ ನಡೆಯಿತು. ಫೋಗಲ್ ಇಲ್ಲದ ಜರ್ಮನಿ ಏನು ಮಾಡುತ್ತದೋ ಅನ್ನುವ ಪ್ರಶ್ನೆ ಇತ್ತು. ಎಮ್ಮಾ ಹಿಂಟ್ಸೆ ಸ್ಪ್ರಿಂಟ್ ಗೆದ್ದರು, ಕೈರಿನ್ ಗೆದ್ದರು. ಲೇಯಾ ಫ್ರೀಡ್ರಿಖ್ 500 ಮೀಟರ್ ಗೆದ್ದರು. ಟೀಮ್ ಸ್ಪ್ರಿಂಟನ್ನು ಇವರಿಬ್ಬರ ಜೊತೆ ಸೇರಿ ಗೆದ್ದ ಮೂರನೆಯ ಸವಾರಳು ಅದೇ ಗ್ರಾಬೋಶ್.

ನಮಸ್ಕಾರ.