ಎಲ್ಕ್ ಬೇಟೆಗೆ ಯಾವ ರೈಫಲ್? ನಂಬರ್ ಆಮೇಲೆ, ಮೊದಲು ಗುಂಡು ನೋಡಿ

ನಮಸ್ಕಾರ. ಅಮೆರಿಕದ ಕೊಲೊರಾಡೋ ರಾಜ್ಯದ ಡೆನ್ವರ್‌ನಲ್ಲಿರುವ ನಮ್ಮ ವೀಕ್ಷಕರೊಬ್ಬರು ಕೇಳಿದ್ದಾರೆ: "ಸರ್, ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿದೀನಿ. ಈ ಸಲ ಎಲ್ಕ್ ಬೇಟೆಗೆ ಹೋಗ್ಬೇಕು. ಯಾವ ಕ್ಯಾಲಿಬರ್ ತಗೊಳ್ಳಲಿ?"

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಇದು ಪೂರ್ತಿ ಅಮೆರಿಕದ ವಿಷಯ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಇಂಥ ಬೇಟೆಗೆ ಅವಕಾಶವೇ ಇಲ್ಲ. ಅಲ್ಲಿ ರಾಜ್ಯ ಸರ್ಕಾರವೇ ಲೈಸೆನ್ಸ್ ಕೊಡುತ್ತೆ, ಯಾವ ಪ್ರದೇಶದಲ್ಲಿ ಎಷ್ಟು ಪ್ರಾಣಿ ಅಂತ ಲೆಕ್ಕ ಇಡುತ್ತೆ.

ಎಲ್ಕ್ ಅಂದ್ರೆ ನಮ್ಮ ಕಡವೆಯ ಕುಟುಂಬದ್ದೇ, ಇನ್ನೂ ದೊಡ್ಡದು. ಬಲಿತ ಗಂಡು 300 ಕಿಲೋ ದಾಟುತ್ತೆ. ಕೊಲೊರಾಡೋ ನಿಯಮ ಇಷ್ಟು: ರೈಫಲ್ಲಿನ ಕ್ಯಾಲಿಬರ್, ಅಂದ್ರೆ ನಳಿಗೆಯ ಒಳ ಅಗಲ, ಕನಿಷ್ಠ .24 ಇಂಚು ಇರ್ಬೇಕು, ಗುಂಡು ಕನಿಷ್ಠ 85 ಗ್ರೇನ್ (ಸುಮಾರು ಐದೂವರೆ ಗ್ರಾಂ) ತೂಗ್ಬೇಕು, 100 ಗಜ ದೂರದಲ್ಲಿ 1,000 ಫುಟ್-ಪೌಂಡ್ ಶಕ್ತಿ ಉಳಿದಿರ್ಬೇಕು. ಇದು ಕನಿಷ್ಠ ಮಟ್ಟ ಮಾತ್ರ. ಅಷ್ಟಿದ್ರೆ ಸಾಕು ಅಂತ ಅಲ್ಲ.

[ಸ್ಕ್ರೀನ್ ಮೇಲೆ: ಮೂರು ತೋಟೆಗಳು, ಅಕ್ಕಪಕ್ಕ ನಿಲ್ಲಿಸಿದ್ದು]

ಈಗ ಇದನ್ನು ನೋಡಿ. ಎಡಗಡೆ .308 ವಿಂಚೆಸ್ಟರ್, 1952ರದ್ದು. ನಡುವೆ .30-06, ಅಮೆರಿಕದ ಸೈನ್ಯಕ್ಕೆ 1906ರಲ್ಲಿ ಬಂದದ್ದು. ಬಲಗಡೆ .300 ವಿಂಚೆಸ್ಟರ್ ಮ್ಯಾಗ್ನಮ್, 1963ರದ್ದು; ಮ್ಯಾಗ್ನಮ್ ಅಂದ್ರೆ ಹೆಚ್ಚು ಮದ್ದು ತುಂಬಿದ ತೋಟೆ. ಮೂರರ ಮೂತಿಯಲ್ಲಿರೋ ಗುಂಡಿನ ಅಗಲ ಒಂದೇ, 0.308 ಇಂಚು. ಬೇರೆಯಾಗಿರೋದು ಹಿಂದಿನ ಹಿತ್ತಾಳೆ ಕೇಸು: 51 ಮಿಲಿಮೀಟರ್, 63, 67. ಕೇಸು ದೊಡ್ಡದಾದಷ್ಟೂ ಮದ್ದು ಜಾಸ್ತಿ, ವೇಗ ಜಾಸ್ತಿ, ಭುಜಕ್ಕೆ ಒದೆತವೂ ಜಾಸ್ತಿ. ಅಂದ್ರೆ "ಯಾವ ಕ್ಯಾಲಿಬರ್" ಅಂತ ಅಂಗಡಿಯಲ್ಲಿ ಕೇಳಿದ್ರೆ ಉತ್ತರ ಅರ್ಧವೇ ಸಿಗೋದು. ಹಿಂದೆ ಎಷ್ಟು ಮದ್ದಿದೆ, ಮುಂದೆ ಎಂಥ ಗುಂಡಿದೆ, ಇವೆರಡನ್ನೂ ಕೇಳ್ಬೇಕು.

ಗುಂಡಿನ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೊತ್ತು ಮಾತಾಡ್ತೀನಿ, ನನಗೆ ಬಹಳ ಇಷ್ಟವಾದ ಕಥೆ ಇದು. 1946. ಆರೆಗಾನ್‌ನಲ್ಲಿ ಲಾರಿ ಸಾಗಣೆ ವ್ಯವಹಾರ ನಡೆಸ್ತಿದ್ದ ಜಾನ್ ನೋಸ್ಲರ್ ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ ಮೂಸ್ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ) ಬೇಟೆಗೆ ಹೋಗ್ತಾರೆ. ಕೈಯಲ್ಲಿದ್ದದ್ದು .300 ಎಚ್ ಆ್ಯಂಡ್ ಎಚ್ ಮ್ಯಾಗ್ನಮ್, ಆ ಕಾಲಕ್ಕೆ ಭಾರಿ ರೈಫಲ್. ಎದುರಿಗೆ ದೊಡ್ಡ ಗಂಡು ಮೂಸ್, ಮೈತುಂಬ ಕೆಸರು ಮೆತ್ತಿಕೊಂಡಿದೆ. ಹೊಡೆದ್ರು. ಮತ್ತೆ ಹೊಡೆದ್ರು. ಪ್ರಾಣಿ ಬೀಳ್ತಾನೇ ಇಲ್ಲ! ಗುರಿ ತಪ್ಪಿರಲಿಲ್ಲ. ಗುಂಡು ಆ ವೇಗದಲ್ಲಿ ಕೆಸರು, ಚರ್ಮಕ್ಕೆ ತಾಗಿದ ಕೂಡಲೇ ಒಡೆದು ಚೂರಾಗ್ತಿತ್ತು. ಶ್ವಾಸಕೋಶದವರೆಗೆ ಹೋಗ್ತಾನೇ ಇರಲಿಲ್ಲ.

ಊರಿಗೆ ಬಂದವರು ತಾವೇ ಗುಂಡು ಮಾಡೋಕೆ ಕೂತ್ರು. ಬಿದಿರಿನ ಗಿಣ್ಣು ನೋಡಿದೀರಲ್ಲ? ಎರಡೂ ಕಡೆ ಟೊಳ್ಳು, ನಡುವೆ ಗಟ್ಟಿ ಅಡ್ಡಗೋಡೆ. ತಾಮ್ರದ ಕವಚವನ್ನು ಹಾಗೇ ಮಾಡಿ, ಮುಂದಿನ ಪೊಳ್ಳಿಗೂ ಹಿಂದಿನ ಪೊಳ್ಳಿಗೂ ಸೀಸ ತುಂಬಿದ್ರು. ತಾಗಿದ ತಕ್ಷಣ ಮುಂದಿನ ಭಾಗ ಅರಳಿ ಅಗಲವಾಗುತ್ತೆ, ದೊಡ್ಡ ಗಾಯ ಮಾಡುತ್ತೆ. ಅರಳ್ತಾ ಅರಳ್ತಾ ಅಡ್ಡಗೋಡೆವರೆಗೆ ಬಂದು ಅಲ್ಲಿಗೆ ನಿಲ್ಲುತ್ತೆ. ಹಿಂದಿನ ಅರ್ಧ ಇಡಿಯಾಗೇ ಉಳಿದು ಒಳಕ್ಕೆ ನುಗ್ಗುತ್ತೆ. 1948ರಲ್ಲಿ ಮಾರಾಟಕ್ಕೆ ಬಂದ ಆ ಪಾರ್ಟಿಶನ್ ಗುಂಡು ಇವತ್ತಿಗೂ ಸಿಗುತ್ತೆ. ದೊಡ್ಡ ಕ್ಯಾಲಿಬರ್ ಕೈಯಲ್ಲಿದ್ರೂ ಗುಂಡು ಕೈಕೊಡಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪುರಾವೆ ನನಗೆ ಗೊತ್ತಿಲ್ಲ.

ಇನ್ನು ಒದೆತ. ಒಂದೇ ತೂಕದ ರೈಫಲ್‌ನಲ್ಲಿ 6.5 ಕ್ರೀಡ್‌ಮೋರ್ ಅನ್ನೋ ಚಿಕ್ಕ ಗುಂಡಿನ ತೋಟೆಗೆ ಹೋಲಿಸಿದ್ರೆ .300 ವಿಂಚೆಸ್ಟರ್ ಮ್ಯಾಗ್ನಮ್‌ನ ಒದೆತ ಹೆಚ್ಚುಕಡಿಮೆ ಎರಡರಷ್ಟು. ರೇಂಜ್‌ನಲ್ಲಿ, ಅಂದ್ರೆ ಗುಂಡು ಹೊಡೆಯೋ ಅಭ್ಯಾಸದ ಜಾಗದಲ್ಲಿ, ಒಂದು ಪರೀಕ್ಷೆ ಮಾಡಿ. ಸ್ನೇಹಿತರ ಕೈಗೆ ರೈಫಲ್ ಕೊಡಿ. ನಿಮಗೆ ಕಾಣದ ಹಾಗೆ ಅವರು ಕೆಲವು ಸಲ ಅಸಲಿ ತೋಟೆ, ಕೆಲವು ಸಲ ಖಾಲಿ ಡಮ್ಮಿ ಹಾಕಿ ಕೊಡ್ಲಿ. ಡಮ್ಮಿ ಬಂದಾಗ "ಕ್ಲಿಕ್" ಅನ್ನುತ್ತೆ, ಅಷ್ಟೇ. ಆ ಕ್ಷಣ ನಳಿಗೆಯ ತುದಿ ಕೆಳಕ್ಕೆ ಜಗ್ಗಿತಾ? ಕಣ್ಣು ಮುಚ್ಚಿತಾ? ಹಾಗಿದ್ರೆ ಆ ರೈಫಲ್ ಸದ್ಯಕ್ಕೆ ನಿಮಗೆ ಬೇಡ. ಬೆಚ್ಚಿ ಹೊಡೆದ ಮ್ಯಾಗ್ನಮ್ ಹೊಟ್ಟೆಗೆ ಬೀಳುತ್ತೆ, ಪ್ರಾಣಿ ಗಂಟೆಗಟ್ಟಲೆ ನರಳುತ್ತೆ. ಅದನ್ನು ತಪ್ಪಿಸೋದು ಬೇಟೆಗಾರನ ಮೊದಲ ಕರ್ತವ್ಯ ಅಂತ ನಾನು ನಂಬಿದೀನಿ.

ಟೈಮ್ ಆಗ್ತಾ ಬಂತು, ಉಳಿದದ್ದು ಬೇಗ ಹೇಳ್ತೀನಿ. 2007ರ 6.5 ಕ್ರೀಡ್‌ಮೋರ್ ಎಲ್ಕ್‌ಗೆ ಸಾಕಾ? ಹತ್ತಿರದಿಂದ, ಪಕ್ಕೆ ತಿರುಗಿಸಿ ನಿಂತಿದ್ರೆ, ಗಟ್ಟಿ ಗುಂಡಾದ್ರೆ ಸಾಕು. ಓರೆಯಾಗಿ ನಿಂತು ಭುಜದ ಮೂಳೆ ಅಡ್ಡ ಬಂದ್ರೆ ಅದಕ್ಕಿಂತ ಭಾರದ ಗುಂಡು ಇದ್ರೆ ಒಳ್ಳೇದು. 1925ರ .270, 1962ರ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್, ಎರಡೂ ಎಲ್ಕ್ ಬೇಟೆಯಲ್ಲಿ ಪಳಗಿದವು. ಪೂರ್ತಿ ತಾಮ್ರದ ಗುಂಡುಗಳೂ ಈಗ ಸಿಗ್ತವೆ, ನನ್ನ ಒಲವು ಆ ಕಡೆಗೇ. ಕಾಡಲ್ಲಿ ಬಿಟ್ಟು ಬಂದ ಕರುಳಲ್ಲಿ ಸೀಸದ ಚೂರುಗಳಿರ್ತವೆ, ತಿಂದ ರಣಹದ್ದು, ಹದ್ದುಗಳಿಗೆ ವಿಷ ಏರುತ್ತೆ. ಕಾಂಡೋರ್ ರಣಹದ್ದುಗಳನ್ನು ಉಳಿಸೋಕೆ ಹೋರಾಡ್ತಿರೋ ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ.

ಡೆನ್ವರ್ ಸರ್, ನಿಮಗೆ ನನ್ನ ಉತ್ತರ: .30-06, 180 ಗ್ರೇನ್ ತೂಕದ ಪಾರ್ಟಿಶನ್, ಇಲ್ಲಾಂದ್ರೆ 165ರ ಆಸುಪಾಸಿನ ತಾಮ್ರದ ಗುಂಡು. ಒದೆತ ತಡೆಯೋಕೆ ಆಗ್ಲಿಲ್ಲ ಅಂದ್ರೆ .308. ರೈಫಲ್ ಸೀಸನ್ ಅಕ್ಟೋಬರ್‌ನಲ್ಲಿ ಶುರು, ಬೇಸಿಗೆಯಲ್ಲೇ ಕೊಂಡ್ಕೊಳ್ಳಿ. ಬೆಂಚಿನ ಮೇಲೆ ಊರಿ ಹೊಡೆಯೋದು ಗುರಿ ಸರಿಮಾಡ್ಕೊಳ್ಳೋಕೆ ಮಾತ್ರ. ಅಭ್ಯಾಸ ಎಲ್ಲಾ ಕೂತು, ಮಂಡಿಯೂರಿ ಮಾಡಿ, ಯಾಕಂದ್ರೆ ಬೆಟ್ಟದಲ್ಲಿ ಬೆಂಚ್ ಇರಲ್ಲ.