ಉಕಿಫುನೆಗಾಗಿ ಉಜಿಗೆ

ಕ್ಯೋಟೋದಿಂದ ದಕ್ಷಿಣಕ್ಕೆ ಸ್ವಲ್ಪ ದೂರ ರೈಲಲ್ಲಿ ಬಂದ್ರೆ ಉಜಿ. ಎಲ್ಲರೂ ಇಲ್ಲಿಗೆ ಬರೋದು ಬ್ಯೋದೋಇನ್ ದೇವಾಲಯ ನೋಡೋಕೆ, ಹಸಿರು ಚಹಾ ಕುಡಿಯೋಕೆ. ನಾನು ಬಂದಿರೋದು ಉಕಿಫುನೆ ಅನ್ನೋ ಹುಡುಗಿಗೋಸ್ಕರ. ಸಾವಿರ ವರ್ಷದ ಹಿಂದೆ ಮುರಸಾಕಿ ಶಿಕಿಬು ಬರೆದ ‘ಗೆಂಜಿ ಮೊನೊಗತಾರಿ’ಯ ಕೊನೆಯ ನಾಯಕಿ ಅವಳು.

ಒಟ್ಟು 54 ಅಧ್ಯಾಯ. ಕಥಾನಾಯಕ ಗೆಂಜಿ ತೀರಿಕೊಂಡ ಮೇಲೂ ಕಥೆ ಸಾಗುತ್ತೆ. ಕೊನೆಯ 10 ಅಧ್ಯಾಯಕ್ಕೆ ಈ ಉಜಿ ನದಿ ದಡವೇ ಆಸರೆ. ಹಾಗಾಗಿ ಈ ಕಥೆಗಾಗಿಯೇ ಇರೋ ‘ಟೇಲ್ ಆಫ್ ಗೆಂಜಿ ಮ್ಯೂಸಿಯಂ’ 1998ರಲ್ಲಿ ಇಲ್ಲೇ ಶುರುವಾಯ್ತು. ನಾನು ಬಂದಿರೋದು ಅಲ್ಲಿಗೇ.

ಒಳಗೆ ಮೊದಲು ಸಿಗೋದು ಆಗಿನ ರಾಜಧಾನಿ ಕ್ಯೋಟೋದ ಜಗತ್ತು. ಶ್ರೀಮಂತರು ಓಡಾಡ್ತಿದ್ದ ಎತ್ತಿನ ಗಾಡಿ ನೋಡಿ, ನಿಜವಾದ ಅಳತೆಯಲ್ಲೇ ಮಾಡಿದ್ದಾರೆ. ಈ ಕಡೆ ಗೆಂಜಿಯ ರೊಕುಜೋ ಅರಮನೆ, ನೂರರಲ್ಲೊಂದು ಪಾಲಿಗೆ ಇಳಿಸಿದ ಮಾದರಿ. ನಾಲ್ಕು ಋತುವಿಗೆ ನಾಲ್ಕು ಭಾಗ. ವಸಂತದ ಕಡೆ ಅವನ ಅಚ್ಚುಮೆಚ್ಚಿನ ಮುರಸಾಕಿ (ಲೇಖಕಿಯಲ್ಲ, ಅದೇ ಹೆಸರಿನ ಪಾತ್ರ), ಚಳಿಗಾಲದ ಕಡೆ ಅಕಾಶಿಯಿಂದ ಬಂದವಳು. ಕಣ್ಣಿಗೆ ತುಂಬಾ ಚೆಂದ. ಆದ್ರೆ ನೋಡ್ತಾ ನೋಡ್ತಾ ನನಗೆ ಉಸಿರು ಕಟ್ಟಿದ ಹಾಗಾಯ್ತು. ಇಷ್ಟು ದೊಡ್ಡ ಮನೇಲಿ ಹೆಂಗಸರಿಗಿದ್ದ ಕೆಲಸ, ಪರದೆ ಹಿಂದೆ ಕೂತು ಅವನ ದಾರಿ ಕಾಯೋದು.

ಸೇತುವೆಯಂಥ ಈ ಓಣಿ ದಾಟಿದ್ರೆ ಉಜಿಯ ಕಥೆ. ಇಲ್ಲಿರೋ ರಾಜಕುಮಾರನೊಬ್ಬನ ಇಬ್ಬರು ಹೆಣ್ಣುಮಕ್ಕಳು, ಅಕ್ಕತಂಗಿಯರು, ಬೆಳದಿಂಗಳಲ್ಲಿ ವಾದ್ಯ ನುಡಿಸ್ತಿದ್ದಾರೆ, ಗೆಂಜಿಯ ಮಗನಾಗಿ ಬೆಳೆದ ಕವೊರು ಬೇಲಿ ಸಂದಿಯಿಂದ ಕದ್ದು ನೋಡ್ತಾನೆ. ನಮ್ಮನ್ನೂ ಅವನ ಜಾಗದಲ್ಲೇ ನಿಲ್ಲಿಸ್ತಾರೆ. ಯಾರದೋ ಮನೆಯೊಳಗೆ ಇಣುಕಿದ ಸಂಕೋಚ ನಿಜವಾಗ್ಲೂ ಆಗುತ್ತೆ!

ಉಕಿಫುನೆ ಆ ಅಕ್ಕತಂಗಿಯರ ಮಲತಂಗಿ. ತಂದೆ ಅದೇ ರಾಜಕುಮಾರ, ಆದ್ರೆ ಇವಳನ್ನ ಮಗಳು ಅಂತ ಒಪ್ಪಿಕೊಳ್ಳಲಿಲ್ಲ. ಆಮೇಲೆ ಕವೊರು ಒಂದು ಕಡೆ, ಗೆಂಜಿಯ ಮೊಮ್ಮಗ ನಿಓಮಿಯ ಒಂದು ಕಡೆ. ಇಬ್ಬರಿಗೂ ಅವಳು ಬೇಕು. ನಿನಗೇನು ಬೇಕು ಅಂತ ಕೇಳೋರೇ ಇಲ್ಲ. ನದಿಗೆ ಹಾರಿ ಪ್ರಾಣ ಬಿಡೋಣ ಅಂತ ಹೊರಡ್ತಾಳೆ. ಮರದ ಬುಡದಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದವಳನ್ನ ಒಬ್ಬ ಬೌದ್ಧ ಗುರು ಕಾಪಾಡ್ತಾನೆ. ಅವಳು ತಲೆಗೂದಲು ಕತ್ತರಿಸಿಕೊಂಡು ಸನ್ಯಾಸಿನಿ ಆಗ್ತಾಳೆ.

ಕೊನೇ ಅಧ್ಯಾಯ ಕೇಳಿ. ಕವೊರು ಅವಳ ತಮ್ಮನ (ತಾಯಿ ಒಬ್ಬಳೇ, ತಂದೆ ಬೇರೆ) ಕೈಲೇ ಪತ್ರ ಕಳಿಸ್ತಾನೆ. ಅವಳು ತಮ್ಮನಿಗೆ ಮುಖ ತೋರಿಸಲ್ಲ, ಉತ್ತರ ಬರೆಯಲ್ಲ. ಯಾರೋ ಗಂಡಸು ಅವಳನ್ನ ಬಚ್ಚಿಟ್ಟಿರಬೇಕು ಅಂತ ಕವೊರು ಅನುಮಾನ ಪಡ್ತಾನೆ. ಪುಸ್ತಕ ಅಲ್ಲಿಗೇ ನಿಲ್ಲುತ್ತೆ. ಲೇಖಕಿ ಕಥೆ ಮುಗಿಸಲಿಲ್ಲ ಅನ್ನೋರೂ ಇದ್ದಾರೆ. ನನಗಂತೂ ಇದಕ್ಕಿಂತ ಸರಿಯಾದ ಮುಕ್ತಾಯ ಇಲ್ಲ. ಅವಳು ಬೇಡ ಅಂದಳು, ಅದು ಅವನ ಕಿವಿಗೆ ಬೀಳಲೇ ಇಲ್ಲ.

ಕೇಹಾನ್ ಉಜಿ ನಿಲ್ದಾಣದಿಂದ ನಡೆದೇ ಬರಬಹುದು. ಸೋಮವಾರ ರಜೆ ಇರುತ್ತೆ, ನೋಡ್ಕೊಂಡು ಹೊರಡಿ. ಬರೋಕೆ ಮುಂಚೆ ಕೊನೆಯ 10 ಅಧ್ಯಾಯವನ್ನಾದರೂ ಓದಿರಿ.