ನಾಯಿಗೆ ಮೂಗು, ನನಗೆ ಬಾಟಲಿ ತೊಳೆಯುವ ಕೆಲಸ

ಕ್ಯಾಮೆರಾ ಓಡುತ್ತಿದೆ, ಹಾಗಾಗಿ ಏನಾದರೂ ಮಾತಾಡಬೇಕು. ಹೌದು, ವಿಜ್ಞಾನಿಯೇ ಬಾಟಲಿ ತೊಳೆಯುತ್ತಿರುವುದು. ವಾಸನೆ ಮೇಲೆ ಸಂಶೋಧನೆ ಮಾಡುವವರ ಅರ್ಧ ಆಯಸ್ಸು ಸಿಂಕ್ ಮುಂದೆಯೇ ಕಳೆಯುತ್ತದೆ. ಸಾಲಾಗಿ ಇಟ್ಟ ಜಾಡಿಗಳಲ್ಲಿ ಲವಂಗ ಇರುವುದು ಯಾವುದು ಅಂತ ನಾಯಿ ಮೂಸಿ ಹುಡುಕಬೇಕು, ಹಾಗಾಗಿ ಸೋಪಿಗೆ ಪರಿಮಳ ಇರಬಾರದು. ಒಣಗಿದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು. ಮುಟ್ಟಿದರೆ ನಾಯಿ ಲವಂಗ ಬಿಟ್ಟು ನನ್ನ ಕೈ ವಾಸನೆ ಹುಡುಕುತ್ತದೆ.

ಫ್ಯಾನ್ ಕೆಳಗೆ ಕಾಲು ಚಾಚಿ ಮಲಗಿರುವವಳು ಚಕ್ಲಿ. ಯಲಹಂಕದ ಬೀದಿಯಲ್ಲಿ ಹುಟ್ಟಿದವಳು. ಲ್ಯಾಬ್ರಡಾರ್ ಬೇಕಿತ್ತಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಮೂಗು ಎಲ್ಲ ನಾಯಿಗೂ ಇದೆ ಕಣ್ರೀ. ಬೇಕಿರುವುದು ಹಟ. ಒಂದು ಚೆಂಡಿಗಾಗಿ ಸುಸ್ತಾಗುವವರೆಗೂ ಹುಡುಕುವ ಹಟ. ಅದು ಚಕ್ಲಿಗೆ ಇಲ್ಲ, ಬಿಡಿ. ಲಿವರ್ ತುಂಡು ಕಂಡರೆ ಮಾತ್ರ ಏಳುತ್ತಾಳೆ. ಹಾಗೆ ನೋಡಿದರೆ ಲ್ಯಾಬ್ರಡಾರೇ ವಾಸಿ ಇತ್ತೇನೋ.

ಈ ಜಾಡಿಗಳ ಕಥೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. 48 ಗಾಜಿನ ಜಾಡಿ, ಆನ್‌ಲೈನ್‌ನಲ್ಲಿ ತರಿಸಿದ್ದು, 3,120 ರೂಪಾಯಿ. ಪೆಟ್ಟಿಗೆ ತೆಗೆದರೆ ಅರ್ಧ ಒಂದು ಬ್ಯಾಚು, ಅರ್ಧ ಇನ್ನೊಂದು. ಎರಡನೇ ಬ್ಯಾಚಿನ ಮುಚ್ಚಳದೊಳಗೆ ರಬ್ಬರ್ ರಿಂಗ್. ಹೊಸ ಸೈಕಲ್ ಟ್ಯೂಬ್ ತರಹ ಗಮ್ ಅನ್ನುತ್ತಿದೆ. ಅದೇನು ಮಹಾ ಅನ್ನಬಹುದು ನೀವು. ಲವಂಗ ಹಾಕಿದ ಜಾಡಿ ಮೊದಲ ಬ್ಯಾಚಿನದು, ಖಾಲಿ ಜಾಡಿಗಳೆಲ್ಲ ಎರಡನೆಯದು ಅಂತ ಇಟ್ಟುಕೊಳ್ಳಿ. ನಾಯಿ ಲವಂಗ ಕಲಿಯುವುದೇ ಇಲ್ಲ. ರಬ್ಬರ್ ನಾತ ಇಲ್ಲದ ಜಾಡಿ ಯಾವುದು ಅಂತ ಕಲಿಯುತ್ತದೆ. ನೂರಕ್ಕೆ ನೂರು ಅಂಕ! ನಾನು ಖುಷಿಯಾಗಿ ಪೇಪರ್ ಬರೆಯುತ್ತೇನೆ. ಆಮೇಲೆ ಯಾರೋ ಬೇರೆ ಜಾಡಿ ಕೊಟ್ಟ ಕೂಡಲೇ ನಾಯಿ ನನ್ನ ಮುಖ ನೋಡುತ್ತದೆ.

ವಾಪಸ್ ಕಳಿಸೋಣ ಅಂತ ಆಪ್ ತೆರೆದೆ. ಕಾರಣ ಆರಿಸಿ ಅಂತು. ಒಡೆದಿದೆ, ಬಣ್ಣ ಬೇರೆ, ಅಳತೆ ಸರಿಯಿಲ್ಲ, ಈಗ ಬೇಡ. ವಾಸನೆ ಅನ್ನುವ ಆಯ್ಕೆಯೇ ಇಲ್ಲ. ಕಸ್ಟಮರ್ ಕೇರ್ ಹುಡುಗ ಬಹಳ ಮರ್ಯಾದೆಯಿಂದ, ವಾಸನೆಯ ಫೋಟೋ ಕಳಿಸಿ ಮೇಡಂ ಅಂದ. ಪಾಪ, ಅವನ ಫಾರ್ಮಿನಲ್ಲಿ ಫೋಟೋ ಕಡ್ಡಾಯ. ಕಳಿಸಿದೆ, ಮುಚ್ಚಳದ ಮುಂದೆ ಚಕ್ಲಿ ಮೂತಿ ತಿರುಗಿಸಿಕೊಂಡಿರುವ ಫೋಟೋ. ಆಗಲ್ಲ ಅಂತ ಮೆಸೇಜ್ ಬಂತು. ಈ ದುಡ್ಡಿಗೆ ಚಿಕ್ಕಪೇಟೆಯಲ್ಲಿ ಸ್ಟೀಲ್ ಡಬ್ಬಿಗಳನ್ನು ಒಂದೊಂದಾಗಿ ಮೂಸಿ ನೋಡಿ ತರಬಹುದು. ಅಂಗಡಿಯವರು ಏನಂದುಕೊಳ್ಳುತ್ತಾರೆ ಅನ್ನುವುದು ಬೇರೆ ವಿಷಯ.

ಆಯ್ತು, ಇದು ಸ್ಲೋ ಮೋಷನ್ ಶಾಟ್. ಮೂಗಿನ ಹೊಳ್ಳೆ ಪಕ್ಕದ ಸೀಳು ನೋಡಿ. ಗಾಳಿ ಎಳೆಯುವುದು ಮುಂದಿನಿಂದ, ಬಿಡುವುದು ಆ ಸೀಳಿನಿಂದ ಪಕ್ಕಕ್ಕೆ. ಸೆಕೆಂಡಿಗೆ ಸುಮಾರು 5 ಸಲ. ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡಲು ಶುರು ಮಾಡಿದರೆ ಮೂಸುವುದು ಕಡಿಮೆಯಾಗುತ್ತದೆ. ಅದಕ್ಕೇ ಟ್ರಯಲ್ ಬೆಳಿಗ್ಗೆಯೇ. ಬೆಂಗಳೂರು ತಂಪು ಊರು ಅನ್ನುವವರನ್ನು ಏಪ್ರಿಲ್ ಮಧ್ಯಾಹ್ನ ಹೆಬ್ಬಾಳ ಫ್ಲೈಓವರ್ ಮೇಲೆ ನಿಲ್ಲಿಸಬೇಕು.

ನಾಯಿ ಮೂಗು ನಮ್ಮದಕ್ಕಿಂತ ಲಕ್ಷ ಪಟ್ಟು ಚುರುಕು ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾವ ವಾಸನೆಗೆ? ವಾಸನೆ ಹಿಡಿಯುವ ಗ್ರಾಹಕ ಜೀನುಗಳು ನಾಯಿಗೆ ಸುಮಾರು 800, ನಮಗೆ ಸುಮಾರು 400. ವ್ಯತ್ಯಾಸ ಇದೆ, ಇಲ್ಲ ಅನ್ನಲ್ಲ. ಆದರೆ ಮೊದಲ ಮಳೆಗೆ ಮಣ್ಣು ಘಮ್ ಅನ್ನುತ್ತದಲ್ಲ, ಆ ಜಿಯೋಸ್ಮಿನ್ ಒಂದು ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗ ಇದ್ದರೂ ನಮ್ಮ ಮೂಗಿಗೆ ಗೊತ್ತಾಗುತ್ತದೆ. ನಮ್ಮ ಮೂಗೂ ಅಷ್ಟೇನೂ ದಂಡ ಅಲ್ಲ.

ಈ ಕೆಲಸಕ್ಕೆ ಬರುವುದು ಹೇಗೆ ಅಂತ ಕೇಳುತ್ತೀರಿ. ಪ್ರಾಣಿಶಾಸ್ತ್ರ, ಮನಃಶಾಸ್ತ್ರ, ಪಶುವೈದ್ಯಕೀಯ, ಯಾವುದರಿಂದಲೂ ಬರಬಹುದು. ನಾನು ಶುರು ಮಾಡಿದ್ದು ಹಣ್ಣಿನ ನೊಣದಿಂದ. ಈ ಊರಿಗೆ ಅದರಲ್ಲಿ ದೊಡ್ಡ ಹೆಸರಿದೆ. ಜಿಕೆವಿಕೆ ಕೃಷಿ ವಿವಿ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದಿಕಿ, ಅವರ ಶಿಷ್ಯೆ ವೆರೋನಿಕಾ ರೋಡ್ರಿಗಸ್, ಇಬ್ಬರೂ ನೊಣಕ್ಕೆ ವಾಸನೆ ಹೇಗೆ ತಿಳಿಯುತ್ತದೆ ಅಂತ ಹುಡುಕಿದವರು. ನೊಣಕ್ಕೆ ವಾಕಿಂಗ್ ಬೇಡ, ಲಿವರ್ ಬೇಡ. ಒಮ್ಮೊಮ್ಮೆ ಅಲ್ಲೇ ಇರಬೇಕಿತ್ತು ಅನಿಸುತ್ತದೆ. ಪಿಎಚ್‌ಡಿಗೆ ಸೇರಿದರೆ ಜೆಆರ್‌ಎಫ್, ಅಂದರೆ ಸಂಶೋಧನಾ ವಿದ್ಯಾರ್ಥಿವೇತನ, 2023ರಿಂದ ತಿಂಗಳಿಗೆ 37,000. ಬಾಡಿಗೆ ಕಟ್ಟಿದ ಮೇಲೆ ಉಳಿಯುವುದನ್ನು ನೀವೇ ಲೆಕ್ಕ ಹಾಕಿ. ಆಮೇಲೆ ಪ್ರಾಜೆಕ್ಟ್ ಇದ್ದರೆ ಸಂಬಳ, ಇಲ್ಲದಿದ್ದರೆ ಅವರಿವರ ನಾಯಿಗೆ ಟ್ರೇನಿಂಗ್. ಸಿಆರ್‌ಪಿಎಫ್‌ನ ನಾಯಿ ಶಾಲೆ ಇಲ್ಲೇ ತರಳಿನಲ್ಲಿದೆ. ನಮ್ಮ ಮುಧೋಳ ನಾಯಿಯನ್ನೂ 2016ರಲ್ಲಿ ಸೇನೆ ಮೀರತ್‌ಗೆ ಕರೆದುಕೊಂಡು ಹೋಗಿ ಪಳಗಿಸಿತು. ನಾಯಿ ಕಲಿಸುವವರು ನಮ್ಮಲ್ಲಿ ಕಡಿಮೆ ಇಲ್ಲ. ಕಲಿತದ್ದು ಏನು ಅಂತ ಅಳೆಯುವವರು ಕಡಿಮೆ.

ಅಯ್ಯೋ, ಟ್ರಯಲ್ ಶುರುವಾಗಿಬಿಟ್ಟಿದೆ. ಲವಂಗದ ಜಾಡಿ ಯಾವುದು ಅಂತ ನನಗೆ ಗೊತ್ತಿಲ್ಲ. ಇಟ್ಟವನು ಪಕ್ಕದ ರೂಮಿನಲ್ಲಿದ್ದಾನೆ. ಇಷ್ಟೆಲ್ಲ ಯಾಕೆ ಅಂದರೆ, 2011ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಪ್ರಕಟಿಸಿದರು. 18 ನಾಯಿಗಳು, ಅವುಗಳನ್ನು ನಡೆಸುವ ಪಳಗಿದ ಹ್ಯಾಂಡ್ಲರ್‌ಗಳು, ಒಂದು ಚರ್ಚ್ ಕಟ್ಟಡ. ಕೆಂಪು ಕಾಗದ ಇದ್ದಲ್ಲಿ ನಾಯಿ ಹುಡುಕಬೇಕಾದ ಮಾದಕ ವಸ್ತು ಇಲ್ಲವೇ ಸ್ಫೋಟಕ ಇದೆ ಅಂತ ಹ್ಯಾಂಡ್ಲರ್‌ಗಳಿಗೆ ಹೇಳಿದ್ದರು. ನಿಜಕ್ಕೂ ಎಲ್ಲೂ ಏನೂ ಇರಲಿಲ್ಲ! 144 ಹುಡುಕಾಟಗಳಲ್ಲಿ ಒಂದೂ ಸುಳ್ಳು ಸೂಚನೆ ಬರದೆ ಮುಗಿದದ್ದು ಬರೀ 21. ನಾಯಿ ಮೋಸ ಮಾಡಿತು ಅನ್ನಬೇಡಿ. ಹಗ್ಗ ಹಿಡಿದವರಿಗೆ ಇಲ್ಲೇ ಇದೆ ಅನ್ನುವ ನಂಬಿಕೆ, ನಾಯಿ ಅವರ ಮೈ ಓದುತ್ತದೆ, ಇಲ್ಲವೇ ನಾಯಿ ಸೂಚನೆ ಕೊಡದಿದ್ದರೂ ಅವರೇ ಕೊಟ್ಟಿತು ಅನ್ನುತ್ತಾರೆ. ಅದಕ್ಕೇ ನಾನು ಗೋಡೆ ಕಡೆ ಮುಖ ಮಾಡಿ ನಿಂತಿರುವುದು. ಶಿಕ್ಷೆ ಏನಲ್ಲ.

ಕ್ಯಾಮೆರಾ ಪರದೆಯಲ್ಲಿ ನೋಡಿ, ಮೂರನೇ ಜಾಡಿ ದಾಟಿದಳು, ತಲೆ ಗಕ್ಕನೆ ಹಿಂದಕ್ಕೆ ಬಂತು, ಬಾಲ ನಿಂತಿತು, ಕೂತಳು. ಪಕ್ಕದ ರೂಮಿನಿಂದ ಸರಿ ಅಂತ ಕೂಗು ಬಂತು. ಲಿವರ್ ಕೊಡಿ ಬೇಗ, ತಡ ಮಾಡಿದರೆ ಯಾವುದಕ್ಕೆ ಕೊಟ್ಟದ್ದು ಅಂತ ಅವಳಿಗೆ ತಿಳಿಯುವುದಿಲ್ಲ.

ಬ್ಯಾಟರಿ ಕೆಂಪಾಯಿತು. ಭಾನುವಾರ ಕಬ್ಬನ್ ಪಾರ್ಕ್ ಹತ್ತಿರ ಇರುತ್ತೇನೆ, ಹೊಸ ನಾಯಿಗಳು ಬೇಕು. ಯಾವ ತಳಿಯಾದರೂ ಸರಿ. ಬರುವ ಮೊದಲು ಹೊಟ್ಟೆ ತುಂಬಾ ಊಟ ಹಾಕಬೇಡಿ, ದಯವಿಟ್ಟು ಸೆಂಟಿನ ಶಾಂಪೂ ಬಳಿಯಬೇಡಿ. ರಬ್ಬರ್ ರಿಂಗ್ ಜಾಡಿ ಯಾರಿಗಾದರೂ ಬೇಕಿದ್ದರೆ ಪುಕ್ಕಟೆ ಕೊಡುತ್ತೇನೆ, ಉಪ್ಪಿನಕಾಯಿಗೆ ಆಗುತ್ತದೆ.